ಶುಗರ್ ಹಾಳೆಯ ಮಾದರಿ ಉತ್ತರ

ಸಕ್ಕರೆ ಕಾಯಿಲೆಯವರಿಗೆ ಬುದ್ಧಿ ಹೇಳುವುದು ಹೇಗೆ ಎಂದು ಕಲಿಸುವ ಕೋರ್ಸಿಗೆ ಸೇರಿದ ಐದನೆಯ ವಾರ, ನನಗೇ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ನಾನು ಮಾಡಿದ ಘನಕಾರ್ಯವೆಂದರೆ ಪೆನ್ನು ತೆಗೆದುಕೊಂಡು ಇನ್ನೂರ ಹದಿನಾಲ್ಕನ್ನು ನೂರಾ ಹದಿನಾಲ್ಕು ಮಾಡಿದ್ದು. ಹದಿನೈದು ವರ್ಷ ನರ್ಸ್ ಕೆಲಸ ಮಾಡಿದವಳು, ಗದಗಿನವಳು, ಯಾರಪ್ಪನ ಅಂಜಿಕೆಯೂ ನನಗಿಲ್ಲ ಎಂದು ಮೆರೆಯುತ್ತಿದ್ದವಳು, ಒಂದು ಹನಿ ರಕ್ತಕ್ಕೆ ಹೆದರಿ ಕಳ್ಳಿಯಾದೆ.

ಎರಡು ಸಾವಿರದ ಹದಿನೇಳು, ಹದಿನೆಂಟರ ಮಾತು. ಆಗ ನಾವು ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿದ್ದೆವು. ನಾನು ಮನೆಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್. ಈ ಕೋರ್ಸಿಗೆ ಸೇರಲು ಸಮಾಜಸೇವೆಯ ಹುಚ್ಚೇನೂ ಕಾರಣವಲ್ಲ, ನಮ್ಮ ಜನರೇ ಕಾರಣ. ಕನ್ನಡ ಸಂಘದ ಯಾವ ಊಟಕ್ಕೆ ಹೋದರೂ ಯಾರಾದರೊಬ್ಬರು ಪೇಪರ್ ತಟ್ಟೆ ಹಿಡಿದು ನನ್ನೆದುರು ಪ್ರತ್ಯಕ್ಷವಾಗುತ್ತಿದ್ದರು. ತಟ್ಟೆಯ ತುಂಬ ಬಿಸಿಬೇಳೆಬಾತು, ಪಕ್ಕದಲ್ಲಿ ಎರಡು ಹೋಳಿಗೆ. "ನೀವು ನರ್ಸ್ ಅಲ್ವಾ? ನಂಗೆ ಬಾರ್ಡರ್ ಅಂದಿದಾರೆ. ಇದು ತಿನ್ಬೋದಾ?" ಬೇಡ ಅಂದರೆ, "ಡಾಕ್ಟರ್ ಏನಲ್ವಲ್ಲ ನೀವು" ಎಂದು ತಿನ್ನುವುದು. ಒಂದು ತಿನ್ನಿ ಅಂದರೆ, "ನರ್ಸೇ ಹೇಳಿದಾರೆ" ಎಂದು ಮೂರನೆಯದನ್ನೂ ಹಾಕಿಸಿಕೊಳ್ಳುವುದು. ಹೇಗೂ ಪುಕ್ಕಟೆ ಬುದ್ಧಿ ಹೇಳುತ್ತಿದ್ದೇನೆ, ಅದಕ್ಕೊಂದು ಸರ್ಟಿಫಿಕೇಟಾದರೂ ಇರಲಿ ಎಂದು ಸೇರಿದೆ.

ನಮ್ಮವರಿಗೆ ಶುಗರ್ ಎಂದರೆ ಕಾಯಿಲೆಯಲ್ಲ, ಪರೀಕ್ಷೆ. "ನಿಮ್ದೆಷ್ಟು ಬಂತು?" ಎಂದು ಕೇಳುವ ದನಿ ಥೇಟ್ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ್ದು. ಕಮ್ಮಿ ಬಂದವರು ಜೋರಾಗಿ ಹೇಳುತ್ತಾರೆ, ಜಾಸ್ತಿ ಬಂದವರು ಲ್ಯಾಬಿನವರನ್ನು ಬೈಯುತ್ತಾರೆ. ರಕ್ತ ಕೊಡುವ ಹಿಂದಿನ ಎರಡು ದಿನ ಸೌತೆಕಾಯಿ, ಮಜ್ಜಿಗೆ, ಸನ್ಯಾಸಿಯ ಮುಖ. ಕೊಟ್ಟ ದಿನ ಲ್ಯಾಬಿನಿಂದ ಸೀದಾ ಮಸಾಲೆ ದೋಸೆ. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯೊಂದು ಬಂದ ಮೇಲೆ ಇವರಿಗೆಲ್ಲ ಆದ ಅನ್ಯಾಯ ಅಷ್ಟಿಷ್ಟಲ್ಲ. "ಎರಡು ದಿನದಿಂದ ಉಪವಾಸ ಇದೀನಿ, ಆದ್ರೂ ಎಂಟೂವರೆ ಬಂತು! ಮೋಸ ಅಲ್ವಾ ಇದು?" ಎಂದು ಒಬ್ಬರು ನನ್ನನ್ನೇ ತರಾಟೆಗೆ ತೆಗೆದುಕೊಂಡಿದ್ದರು. ನಾನೇ ಪ್ರಶ್ನೆಪತ್ರಿಕೆ ತೆಗೆದವಳು ಎನ್ನುವಂತೆ.

ಕೋರ್ಸು ಶನಿವಾರ ಶನಿವಾರ, ಸಿಯಾಟಲ್ ಒಳಗೆ. ಹನ್ನೊಂದು ಜನ ಇದ್ದೆವು. ನರ್ಸು, ಫಾರ್ಮಸಿಸ್ಟು, ಡಯೆಟಿಷಿಯನ್ನು, ಎಲ್ಲರೂ ಆಗಲೇ ಒಂದೊಂದು ಡಿಗ್ರಿ ಹೊತ್ತವರು. ಪಾಠ ಹೇಳುವವರು ಅರವತ್ತು ದಾಟಿದ ಅಮೆರಿಕನ್ ಹೆಂಗಸು. ಬೆಳ್ಳಿ ಕೂದಲು, ಎಷ್ಟೇ ಮಳೆ ಬಂದರೂ ಕೊಡೆ ಮುಟ್ಟದ ಹಠ, ಬೆಣ್ಣೆಯಂಥ ದನಿ. ಮೊದಲ ದಿನವೇ ಬೋರ್ಡಿನ ಮೇಲೆ ನಾವು ಬಳಸಬಾರದ ಪದಗಳನ್ನು ಬರೆದರು. 'ರೋಗಿ' ಅನ್ನಬಾರದು. 'ಟೆಸ್ಟ್' ಅನ್ನಬಾರದು, 'ಚೆಕ್' ಅನ್ನಬೇಕು. ಒಳ್ಳೆಯ ನಂಬರು, ಕೆಟ್ಟ ನಂಬರು ಎಂಬುದಿಲ್ಲ, ನಂಬರು ಬರೀ ಮಾಹಿತಿ. ಕೆಂಪು ಶಾಯಿ ಕೂಡದು, ಅದು ಜನರಿಗೆ ಶಾಲೆಯನ್ನು ನೆನಪಿಸುತ್ತದೆ. ಯಾರಾದರೂ ಬಾಯಿತಪ್ಪಿ 'ಕಂಟ್ರೋಲ್' ಎಂದರೆ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು.

ನಾನು ಬೆಳೆದ ಮನೆಯಲ್ಲಿ ಬೈಗುಳವೇ ಅಕ್ಕರೆ. ಜ್ವರ ಬಂದರೆ ಮೊದಲು ಬೈಗುಳ, ಆಮೇಲೆ ಗುಳಿಗೆ. ಬೈಯುವುದನ್ನೂ ಕಿತ್ತುಕೊಂಡರೆ ಪ್ರೀತಿ ತೋರಿಸಲು ಏನು ಉಳಿಯಿತು ನಮಗೆ? ಒಂದು ಶನಿವಾರ ನಾಟಕದ ಹಾಗೆ ಮಾಡಿಸಿದರು. ಅವರು ಡೋನಟ್ ತಿಂದ ರೋಗಿ, ಕ್ಷಮಿಸಿ, 'ಡಯಾಬಿಟಿಸ್ ಇರುವ ವ್ಯಕ್ತಿ'. ನಾನು ಶಿಕ್ಷಕಿ. "ನೆನ್ನೆ ಮೂರು ಡೋನಟ್ ತಿಂದೆ" ಎಂದು ಅವರು ತಲೆ ತಗ್ಗಿಸಿದರು. ನಾನು, "ಯಾಕೆ?" ಎಂದೆ. ತಕ್ಷಣ ನಾಟಕ ನಿಂತಿತು. 'ಯಾಕೆ' ಎಂಬುದೂ ಬಳಸಬಾರದ ಪದ! 'ಯಾಕೆ' ಎಂದರೆ ಎದುರಿನವರು ಕಟಕಟೆಯಲ್ಲಿ ನಿಂತಂತಾಗುತ್ತದಂತೆ. "ಡೋನಟ್ ತಿನ್ನುವ ಮುಂಚೆ ನಿಮ್ಮ ದಿನ ಹೇಗಿತ್ತು?" ಎಂದು ಕೇಳಬೇಕಂತೆ. ಅಯ್ಯೋ ಶಿವನೇ, ಗದಗಿನಲ್ಲಿ ಯಾರನ್ನಾದರೂ ಹೀಗೆ ಕೇಳಿದ್ದರೆ, ಇವಳಿಗೇ ಏನೋ ಆಗಿದೆ ಎಂದು ಅಂತ್ರ ಕಟ್ಟಿಸುತ್ತಿದ್ದರು.

ಇನ್ನೊಂದು ವಾರ ರಬ್ಬರಿನ ಆಹಾರ ಬಂತು. ದೊಡ್ಡ ಡಬ್ಬಿಯ ತುಂಬ ರಬ್ಬರಿನ ಬ್ರೊಕೊಲಿ, ಕೋಳಿ ಕಾಲು, ಅರ್ಧ ಆಲೂಗಡ್ಡೆ, ಬನ್ನು. ಯಾವುದು ಎಷ್ಟು ತಿನ್ನಬೇಕೆಂದು ಜನರಿಗೆ ತೋರಿಸಲಿಕ್ಕೆ. ಅನ್ನ ಎಲ್ಲಿ ಎಂದು ಕೇಳಿದೆ. ಐಸ್‌ಕ್ರೀಮ್ ಉಂಡೆಯಷ್ಟು ಗಾತ್ರದ ಒಂದು ಬಿಳಿ ಮುದ್ದೆಯನ್ನು ಕೈಯಲ್ಲಿಟ್ಟರು. ನಮ್ಮಲ್ಲಿ ಇಷ್ಟು ಅನ್ನವನ್ನು ಕಾಗೆಗೆ ಇಡುತ್ತಾರೆ. ಮುಂದಿನ ವಾರ ನಾನು ಮಗಳ ಆಟದ ಬಣ್ಣದ ಜೇಡಿಮಣ್ಣಿನಲ್ಲಿ ಜೋಳದ ರೊಟ್ಟಿ, ಅನ್ನ, ಹೋಳಿಗೆ ಎಲ್ಲ ಮಾಡಿಕೊಂಡು ಹೋದೆ. ಕಂದು ಬಣ್ಣ ಖಾಲಿಯಾಗಿತ್ತು, ಹೂರಣ ಹಸಿರಾಯಿತು. "ಅಮ್ಮಾ, ದಟ್ಸ್ ಸೋ ಗ್ರೋಸ್" ಎಂದು ಮುಖ ಸಿಂಡರಿಸಿದಳು ಎರಡನೆಯ ತರಗತಿಯ ಮಗಳು. ಕ್ಲಾಸಿನಲ್ಲಿ ಮಾತ್ರ ಹಸಿರು ಹೋಳಿಗೆಗೆ ಸಿಕ್ಕ ಮರ್ಯಾದೆ ನನ್ನ ಮದುವೆಯಲ್ಲಿ ನನಗೂ ಸಿಕ್ಕಿರಲಿಲ್ಲ. ಎಲ್ಲರೂ ಫೋಟೋ ತೆಗೆದುಕೊಂಡರು.

ಇಷ್ಟರಲ್ಲೇ ಬಂದದ್ದು 'ಏಳು ದಿನ'. ಆ ಕೋರ್ಸಿನ ಪದ್ಧತಿ ಅದು. ಕಲಿಯಲು ಬಂದವರು ಒಂದು ವಾರ ತಾವೇ ಕಾಯಿಲೆಯವರಂತೆ ಬದುಕಬೇಕು. ದಿನಕ್ಕೆ ನಾಲ್ಕು ಸಲ ಬೆರಳಿಗೆ ಚುಚ್ಚಿ ಮೀಟರಿನಲ್ಲಿ ನೋಡಬೇಕು, ಮಾತ್ರೆಯೆಂದು ಕೊಟ್ಟ ಪೆಪ್ಪರ್‌ಮಿಂಟನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು, ತಿಂದದ್ದನ್ನೂ ನಂಬರನ್ನೂ ಒಂದು ಹಾಳೆಯಲ್ಲಿ ಬರೆಯಬೇಕು. ಅವರ ಕಷ್ಟ ನಮಗೆ ತಿಳಿಯಲಿ ಎಂದು.

ಮೊದಲ ದಿನ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ನೋಡಿದೆ. ಇನ್ನೂರ ಹದಿನಾಲ್ಕು. ಕೈ ಸರಿಯಾಗಿ ತೊಳೆದಿಲ್ಲವೇನೋ ಎಂದುಕೊಂಡೆ. ಆದರೂ ಅಭ್ಯಾಸಬಲದಿಂದ ಹಾಳೆಯ ಮೇಲೆ ಬರೆದುಬಿಟ್ಟೆ. ಸೋಪು ಹಚ್ಚಿ ತೊಳೆದು ಇನ್ನೊಂದು ಬೆರಳಿಗೆ ಚುಚ್ಚಿದೆ. ಇನ್ನೂರ ಒಂಬತ್ತು. ಆರು ತಿಂಗಳಿಂದ ಕಾರಿನಲ್ಲಿ ನೀರಿನ ಬಾಟಲಿ ಮೇಲೆ ಬಾಟಲಿ ಖಾಲಿಯಾಗುತ್ತಿದ್ದದ್ದು, ಕನ್ನಡಕದ ನಂಬರು ಎರಡು ಸಲ ಬದಲಾದದ್ದು, ಕೂತಲ್ಲೇ ತೂಕಡಿಕೆ ಬರುತ್ತಿದ್ದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಅದನ್ನೆಲ್ಲ ನಾನು ಈ ಊರಿನ ಮೋಡದ ಮೇಲೆ ಹಾಕಿದ್ದೆ.

ಅಷ್ಟರಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಮ್ಮ ಬೆಂಗಳೂರಿನ ಯಜಮಾನರು ಅಡುಗೆಮನೆಗೆ ಬಂದರು. "ಏನ್ ಬಂತೇ?" ಎಂದರು.

"ನೂರಾ ಹದಿನಾಲ್ಕು ರೀ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದೇಬಿಟ್ಟಿತು.

"ಪರ್ಫೆಕ್ಟ್! ಟೀಚರಮ್ಮ ಅಂದ್ರೆ ಹಿಂಗಿರ್ಬೇಕು. ಎಲ್ಲಿ, ನಂಗೂ ಒಂದ್ ಚುಚ್ಚು ನೋಡೋಣ."

ಅವರದ್ದು ತೊಂಬತ್ತಾರು ಬಂತು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವ ಮನುಷ್ಯ! ಅಂದು ಸಂಜೆಯವರೆಗೆ ಐಐಟಿ ರ‍್ಯಾಂಕ್ ಬಂದವರ ಹಾಗೆ ಮನೆಯೊಳಗೆ ಓಡಾಡಿದರು. ಅವರು ಅತ್ತ ಹೋದ ಮೇಲೆ ನಾನು ಹಾಳೆಯ ಮೇಲಿನ ಎರಡನ್ನು ಒಂದು ಮಾಡಿದೆ. ಇಂಗ್ಲಿಷ್ ಅಂಕಿಯ ಎರಡನ್ನು ಒಂದು ಮಾಡುವುದು ಸುಲಭ, ನಡುವೆ ಒಂದು ದಪ್ಪ ಗೆರೆ ಎಳೆದರಾಯಿತು. ಆ ವಾರ ಪೂರ್ತಿ ಅದೇ ಆಟ. ಪ್ರತಿ ಸಲ ನಿಜ ಬರೆಯಬೇಕೆಂದೇ ಬರೆಯುತ್ತಿದ್ದೆ, ಬರೆದು ನೋಡಿದರೆ ಧೈರ್ಯ ಹೋಗುತ್ತಿತ್ತು. ಇನ್ನೂರ ಮೂವತ್ತೊಂದು ನೂರಾ ಮೂವತ್ತೊಂದಾಯಿತು. ಇನ್ನೂರ ಎಂಟು ನೂರಾ ಎಂಟಾಯಿತು. ಶನಿವಾರ ಹಾಳೆ ಕೊಟ್ಟಾಗ ನಮ್ಮ ಬೆಳ್ಳಿ ಕೂದಲಿನ ಗುರುಗಳು ಎದೆಯ ಮೇಲೆ ಕೈಯಿಟ್ಟುಕೊಂಡು, ನಿಮ್ಮ ಪ್ರಾಮಾಣಿಕತೆಯನ್ನು ನಮ್ಮೊಂದಿಗೆ ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದರು. ಎಷ್ಟೋ ದಿನದ ಮೇಲೆ ನಾನು ನಿಜ ಒಪ್ಪಿಕೊಂಡಾಗಲೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು.

ಅಂಥದ್ದೇನು ಹೆದರಿಕೆ ಎಂದು ಕೇಳಬಹುದು. ಹೆದರಿಕೆ ನನ್ನ ಅಪ್ಪನಿಗೆ ಆದ ಗತಿಯದು. ಅಪ್ಪ ಗದಗಿನಲ್ಲಿ ಅಣ್ಣನ ಮನೆಯಲ್ಲಿದ್ದ. ಅವನಿಗೂ ಸಕ್ಕರೆ. ನಾನು ಇಲ್ಲಿಂದ ಮೀಟರು ಕಳಿಸಿ, ಪ್ರತಿ ಭಾನುವಾರ ಫೋನಿನಲ್ಲಿ ವಾರದ ನಂಬರುಗಳನ್ನು ಓದಿಸುತ್ತಿದ್ದೆ. ಮೊದಮೊದಲು ನಂಬರು ಜಾಸ್ತಿ ಇರುತ್ತಿದ್ದವು. ನಾನು ಬೈಯುತ್ತಿದ್ದೆ. ಎಂಥ ಬೈಗುಳ! ಜಿಲೇಬಿ ಅಂಗಡಿಯ ಹೆಸರು ಹಿಡಿದು ಬೈಯುತ್ತಿದ್ದೆ, ನಿನ್ನ ಕಾಲು ಕೊಳೆತು ಹೋಗಲಿ ಆಗ ಬುದ್ಧಿ ಬರುತ್ತದೆ ಎಂದೂ ಒಂದು ಸಲ ಅಂದಿದ್ದೆ. ಆಮೇಲೆ ನಂಬರುಗಳು ತಾವಾಗಿ ಇಳಿದವು. ನೂರಾ ಹತ್ತು, ನೂರಾ ಹದಿನೆಂಟು, ನೂರಾ ಐದು. "ನೋಡು, ಬೈದಿದ್ದಕ್ಕ ಎಷ್ಟ್ ಚಲೋ ಆತು" ಎಂದು ನಾನು ಬೀಗಿದೆ. ಎರಡೇ ವರ್ಷಕ್ಕೆ ಅಪ್ಪನ ಕಿಡ್ನಿ ಹೋದವು, ಅಪ್ಪನೂ ಹೋದ. ತಿಥಿಗೆ ಹೋದಾಗ ಅವನ ಕಪಾಟಿನಲ್ಲಿ, ನಂಬರು ಇಳಿದ ಮೇಲೆ ನಾನು ಕಳಿಸಿದ್ದ ಪಟ್ಟಿಗಳ ಡಬ್ಬಿಗಳು ಸಿಕ್ಕವು, ರಕ್ತ ಹಚ್ಚುವ ಪಟ್ಟಿಗಳವು. ಹನ್ನೊಂದು ಡಬ್ಬಿ, ಒಂದರ ಸೀಲೂ ಒಡೆದಿರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡವರನ್ನು ನಾನು ಕಂಡಿಲ್ಲ. ಈಗ ನಾನೇ ಅದೇ ದಾರಿ ಹಿಡಿದಿದ್ದೆ. ಅದು ಎಲ್ಲಿ ಹೋಗಿ ಮುಟ್ಟುತ್ತದೆಂದು ಕಣ್ಣಾರೆ ಕಂಡೂ ಹಿಡಿದಿದ್ದೆ.

ಕೋರ್ಸಿನ ಎರಡನೆಯ ಅರ್ಧದಲ್ಲಿ ಒಬ್ಬೊಬ್ಬರೂ ಒಬ್ಬ ನಿಜವಾದ ಕಾಯಿಲೆಯವರನ್ನು ಎಂಟು ವಾರ ನೋಡಿಕೊಳ್ಳಬೇಕಿತ್ತು. ನನಗೆ ಸಿಕ್ಕವರು ಸ್ನೊಕ್ವಾಲ್ಮಿ ಎಂಬ ಗುಡ್ಡದ ಊರಿನಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಮಾಸ್ತರರು. ಎಪ್ಪತ್ತರ ಹತ್ತಿರ ವಯಸ್ಸು. ನವಲಗುಂದದ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಅಂಗಿಯ ಜೇಬಿನಲ್ಲಿ ಇನ್ನೂ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಸ್ನೊಕ್ವಾಲ್ಮಿಯ ಗುಡ್ಡದ ಮೇಲೆ ತಿದ್ದಲು ಉತ್ತರಪತ್ರಿಕೆ ಯಾವುದಿದೆಯೋ ಗೊತ್ತಿಲ್ಲ. ಪಾದ ಜೋಮು ಹಿಡಿಯುತ್ತದೆಂಬುದು ಅವರ ದೂರು. ಹೀಗೇ ಮುಂದುವರಿದರೆ ಇನ್ಸುಲಿನ್ ಸೂಜಿ ಶುರು ಮಾಡಬೇಕೆಂದು ಅವರ ಡಾಕ್ಟರು ಹೇಳಿದ್ದರು.

ಮೊದಲ ದಿನವೇ ನನ್ನನ್ನು ಅಕ್ಕೋರೇ ಎಂದು ಕರೆದರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. "ನನಗ್ಯಾಕ್ರಿ ಅಕ್ಕೋರು, ನಾನು ನಿಮ್ಮ ಮಗಳ ವಾರಿಗಿಯಾಕಿ" ಎಂದರೆ, "ಕಲಸಾಕ ಬಂದೀರಂದ ಮ್ಯಾಲೆ ನೀವ ಅಕ್ಕೋರು, ನಾ ವಿದ್ಯಾರ್ಥಿ" ಎಂದು ಕೈಕಟ್ಟಿ ಕೂತರು. ನಾನು ನಿಷಿದ್ಧ ಪದಗಳನ್ನೆಲ್ಲ ನುಂಗಿಕೊಂಡು, "ಸರ್, ನಿಮ್ಮ ದಿನಾ ಹೆಂಗ್ ಹೋಗತೈತ್ರಿ?" ಎಂದು ಶುರು ಮಾಡಿದೆ. ಜೋಳದ ರೊಟ್ಟಿಯಲ್ಲಿ ಶುಗರ್ ಇರುವುದಿಲ್ಲ ಎಂಬುದು ಅವರ ಖಚಿತ ನಂಬಿಕೆ, ಹಾಗಾಗಿ ಊಟಕ್ಕೆ ಐದು. ಅನ್ನ ಎಷ್ಟು ಎಂದರೆ "ಸ್ವಲ್ಪ". ಆ ಸ್ವಲ್ಪವನ್ನು ತೋರಿಸಿ ಎಂದಾಗ ಎರಡೂ ಕೈ ಸೇರಿಸಿ ಬೊಗಸೆ ಮಾಡಿದರು.

ಬರೆಯಲು ಹಾಳೆ ಕೊಟ್ಟೆ. ಹೇಗೆ ಬರೆಯಬೇಕೆಂದು ತೋರಿಸಲು ಕೋರ್ಸಿನವರು ಕೊಟ್ಟಿದ್ದ ಮಾದರಿಯನ್ನೂ ಕೊಟ್ಟೆ. ಅದರಲ್ಲಿ ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಟರ್ಕಿ ಸ್ಯಾಂಡ್‌ವಿಚ್, ಸಂಜೆ ಬೇಯಿಸಿದ ಮೀನು. ಮಾಸ್ತರು ಅದನ್ನು ದೂರ ಹಿಡಿದು ನೋಡಿದರು. "ಅಕ್ಕೋರೇ, ಇದು ಬ್ಯಾರೆ ಸಿಲಬಸ್ ಐತಲ್ರಿ" ಎಂದರು. ಆದರೂ ಮೊದಲ ವಾರ ಪಾಪ, ತಪ್ಪದೆ ಬರೆದರು. ಇನ್ನೂರ ನಲವತ್ತಾರು, ಇನ್ನೂರ ಅರವತ್ತು, ಇನ್ನೂರ ಮೂವತ್ತೊಂಬತ್ತು. ಅಕ್ಷರ ಮುದ್ರಿಸಿದಂತೆ. ತಿಂದದ್ದನ್ನು ಮಾತ್ರ 'ಊಟ' ಎಂದಷ್ಟೇ ಬರೆದಿದ್ದರು.

ಊಟವನ್ನು ಬಿಡಿಸಿ ಬರೆಯುವುದು ಹೇಗೆಂದು ತೋರಿಸಲು ನಮ್ಮ ಊಟವಿರುವ ಮಾದರಿ ಬೇಕಿತ್ತು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು ಎಂದು ಬರೆದ ಹಾಳೆ ಇಡೀ ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಒಂದಿತ್ತು. ಅದು ನನ್ನದು, ಆ ಏಳು ದಿನಗಳದ್ದು. ಅದನ್ನು ಜೆರಾಕ್ಸ್ ಮಾಡಿ ಕೊಟ್ಟುಬಿಟ್ಟೆ. ತಿದ್ದಿದ್ದು ಜೆರಾಕ್ಸಿನಲ್ಲಿ ಯಾರಿಗೆ ಕಾಣುತ್ತದೆ ಎಂಬ ಭಂಡಧೈರ್ಯ. "ಇದ ನೋಡ್ರಿ ಸರ್, ನನ್ನ ಹಾಳಿ. ಹಿಂಗ ಬರೀರಿ" ಎಂದೆ. ಮಾಸ್ತರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮಡಿಸಿ ಜೇಬಿಗಿಟ್ಟುಕೊಂಡರು.

ಮರುವಾರ ಅವರ ಹಾಳೆ ನೋಡಿದರೆ ಪವಾಡ! ನೂರಾ ಇಪ್ಪತ್ತಾರು, ನೂರಾ ಹತ್ತೊಂಬತ್ತು, ನೂರಾ ಮೂವತ್ತು. ಅದರ ಮುಂದಿನ ವಾರವೂ ಹಾಗೇ. ರೊಟ್ಟಿ ಎರಡಕ್ಕೆ ಇಳಿದಿತ್ತು, ಸ್ವಲ್ಪ ಎಂಬುದು ಅರ್ಧ ಕಪ್ಪಾಗಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಗ್ರಾಫ್ ಹಾಕಿ ತೋರಿಸಿದೆ. ಗೆರೆ ಜಾರುಬಂಡೆಯ ಹಾಗೆ ಇಳಿದಿತ್ತು. ಬೈಯದೆ, 'ಯಾಕೆ' ಎನ್ನದೆ, ಸಂಸ್ಕೃತಿಗೆ ಹೊಂದುವ ಮಾದರಿ ಕೊಟ್ಟು ಸಾಧಿಸಿದ್ದು ಎಂದು ಭಾಷಣ ಬಿಗಿದೆ. ಚಪ್ಪಾಳೆಯ ಸದ್ದಿಗೆ ಯಾರ ಮನಸ್ಸಿಗಾದರೂ ನೋವಾದೀತೆಂದೋ ಏನೋ, ಹತ್ತೂ ಜನ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಗುರುಗಳು ಎದೆಯ ಮೇಲಿನ ಕೈ ತೆಗೆಯಲೇ ಇಲ್ಲ. ಕೊನೆಯಲ್ಲಿ ಮಾತ್ರ ಒಂದು ಮಾತು ಹೇಳಿದರು. ಮುಂದಿನ ವಾರ ಅವರ ಮೀಟರನ್ನೂ ತನ್ನಿ, ಅದರ ಮೆಮೊರಿಯಲ್ಲಿ ಎಲ್ಲ ಇರುತ್ತದೆ, ಗ್ರಾಫಿನ ಜೊತೆ ಸೇರಿಸೋಣ ಎಂದು.

ಬುಧವಾರ ಮಧ್ಯಾಹ್ನ ಸ್ನೊಕ್ವಾಲ್ಮಿಗೆ ಹೋದೆ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ಮಾಸ್ತರು ತಾವೇ ಚಹಾ ಮಾಡಿ, ಒಗ್ಗರಣೆ ಅವಲಕ್ಕಿ ತಂದಿಟ್ಟರು. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ನಾನೂ ಒಂದು ತಟ್ಟೆ ತಿಂದೆ. ಅವರು ಊರಿನ ಶಾಲೆಯ ಸುದ್ದಿ ಹೇಳಿದರು, ನಾನು ಕೇಳಿದೆ, ಹಾಗೇ ಗಂಟೆ ಕಳೆಯಿತು. ಆಮೇಲೆ ಮೀಟರು ಇಸಿದುಕೊಂಡು ಮೆಮೊರಿಯ ಗುಂಡಿ ಒತ್ತಿದೆ. ಇನ್ನೂರ ಐವತ್ತೆರಡು. ಮತ್ತೆ ಒತ್ತಿದೆ. ಇನ್ನೂರ ನಲವತ್ತೆಂಟು. ಇನ್ನೂರ ಅರವತ್ತಾರು. ಒತ್ತಿದಂತೆಲ್ಲ ಇನ್ನೂರು. ಪವಾಡದ ವಾರಗಳ ಹಾಳೆಯ ಮೇಲಿನ ಒಂದೇ ಒಂದು ನಂಬರು ಅದರೊಳಗಿರಲಿಲ್ಲ. ನನ್ನ ಗ್ರಾಫು, ನನ್ನ ಭಾಷಣ, ಅಲ್ಲಾಡಿದ ಆ ನೂರು ಬೆರಳು ಕಣ್ಣ ಮುಂದೆ ಬಂದವು. ಕೋರ್ಸು ಕಲಿಸಿದ್ದೆಲ್ಲ ಆ ಕ್ಷಣಕ್ಕೆ ಗಾಳಿಗೆ ಹೋಯಿತು.

"ಸರ್! ಯಾಕ್ರಿ? ಯಾಕ್ ಹಿಂಗ್ ಸುಳ್ಳ ಬರದ್ರಿ? ನಿಮ್ಮ ಕಾಲು ಜೋಂ ಅಂತಾವು, ಡಾಕ್ಟರು ಸೂಜಿ ಅನ್ನಾಕತ್ಯಾರ, ನಿಮಗ ಮೈಮ್ಯಾಲೆ ಖಬರ್ ಐತೇನು? ನನಗ ಸುಳ್ಳ ಹೇಳಿದ್ರ ನಿಮಗೇನ್ ಸಿಗತೈತಿ?"

ಅಪ್ಪನಿಗೆ ಬೈಯುತ್ತಿದ್ದ ದನಿಯೇ ಅದು. ನನಗೇ ಕೇಳಿಸಿತು.

ಮಾಸ್ತರು ಸಿಟ್ಟಾಗಲಿಲ್ಲ. ಜೇಬಿನಿಂದ ಮಡಿಸಿದ ಹಾಳೆ ತೆಗೆದು ಟೀಪಾಯಿಯ ಮೇಲೆ ಬಿಡಿಸಿಟ್ಟರು. ನನ್ನ ಹಾಳೆಯ ಜೆರಾಕ್ಸು.

"ಅಕ್ಕೋರೇ, ಮೂವತ್ನಾಕು ವರ್ಷ ಉತ್ತರಪತ್ರಿಕಿ ತಿದ್ದೀನ್ರಿ" ಎಂದರು. "ನೋಡ್ರಿ, ಈ ತಾರೀಕಿನ್ಯಾಗಿನ ಒಂದು ಬರೀ ಕಡ್ಡಿ. ಹತ್ತು ಗಂಟೆ ಅಂತ ಬರದೀರಿ, ಅಲ್ಲೂ ಬರೀ ಕಡ್ಡಿ. ಈ ನೂರಾ ಹದಿನಾಕರ ಮೊದಲನೇ ಒಂದಕ್ಕ ಅಷ್ಟ ಟೊಪಿಗಿನೂ ಐತಿ, ಕಾಲಾಗ ಚಪ್ಪಲಿನೂ ಐತಿ. ಈ ನೂರಾ ಮೂವತ್ತೊಂದಕ್ಕೂ ಹಂಗ. ನೂರಾ ಎಂಟಕ್ಕೂ ಹಂಗ. ಇವು ಹುಟ್ಟಿದಾಗ ಎರಡು ಇದ್ದೂ, ಹೌದಿಲ್ಲ?"

ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡು ನೋಡಿದೆ.

"ನಾ ಏನ್ ತಿಳ್ಕೊಂಡೆ ಹೇಳ್ಲೇನು? ಮೊದಲನೇ ವಾರ ನಾ ಖರೇ ಬರದೆ. ಆಮ್ಯಾಲೆ ನೀವು ಮಾದರಿ ಉತ್ತರ ಕೊಟ್ರಿ. ನೋಡಿದೆ. ಓಹೋ, ಇಲ್ಲಿ ಹಿಂಗ ಬರೀಬೇಕಂತ ಕಾಣತೈತಿ, ಅಕ್ಕೋರ ಹಿಂಗ ಬರದಾರಂದ್ರ ನಂದ್ಯಾವ ಲೆಕ್ಕ ಅಂದ್ಕೊಂಡೆ. ನಾ ಹೊಸಾದಾಗಿ ಬರದೆ, ನೀವು ಗೀಚಿ ತಿದ್ದಿದ್ರಿ. ಅಷ್ಟ ಫರಕು." ಅವರ ಮುಖದಲ್ಲಿ ತುಂಟತನವಿತ್ತು, ಆದರೆ ಮುಂದಿನ ಮಾತನ್ನು ಮೆತ್ತಗೆ ಕೇಳಿದರು. "ಮನ್ಯಾಗ ಹೇಳೀರೇನ್ರಿ?"

ಇಲ್ಲ ಎಂದು ತಲೆಯಾಡಿಸಿದೆ. ಮಾತಾಡಲು ಹೋದರೆ ಅಳು ಬಂತು. ಬೇರೆಯವರ ಮನೆಯ ಸೋಫಾದ ಮೇಲೆ, ನನ್ನ ರೋಗಿಯ ಎದುರಿಗೆ, ಮೂಗು ಸುರಿಸಿಕೊಂಡು ಅತ್ತೆ. ಅಪ್ಪನ ವಿಷಯ ಹೇಳಿದೆ, ಹನ್ನೊಂದು ಡಬ್ಬಿಗಳ ವಿಷಯ ಹೇಳಿದೆ. ಗಂಡನಿಗೂ ಹೇಳದ್ದನ್ನೆಲ್ಲ ಹೇಳಿದೆ. ಮಾಸ್ತರು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಯಾವ ಕೋರ್ಸೂ ಮಾಡದ ಮನುಷ್ಯ.

ಅಳು ನಿಂತ ಮೇಲೆ, "ನಿಮ್ಮ ಮೀಟರ್ ಐತೇನು?" ಎಂದರು.

ಬ್ಯಾಗಿನಲ್ಲೇ ಇತ್ತು. ಆ ಏಳು ದಿನವಾದ ಮೇಲೆ ಅದರ ಚೀಲದ ಜಿಪ್ಪನ್ನು ನಾನು ತೆರೆದಿರಲಿಲ್ಲ. ಹೊಸ ಸೂಜಿ ಹಾಕಿ, ಕೈ ತೊಳೆದು ಬಂದು ಚುಚ್ಚಿಕೊಂಡೆ. ಐದು ಸೆಕೆಂಡು ಎಣಿಸುತ್ತದೆ ಆ ಮೀಟರು. ಅಷ್ಟು ಉದ್ದದ ಐದು ಸೆಕೆಂಡನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇನ್ನೂರ ಮೂವತ್ತೆಂಟು.

"ಬರೀರಿ" ಎಂದು ಹೊಸ ಹಾಳೆ ಮುಂದಿಟ್ಟು ನೀಲಿ ಪೆನ್ನು ಕೊಟ್ಟರು.

ಬರೆದೆ. ಎರಡನ್ನು ಎಷ್ಟು ದೊಡ್ಡದಾಗಿ ಬರೆದೆನೆಂದರೆ ಮೂವತ್ತೆಂಟಕ್ಕೆ ಹಾಳೆಯ ಚೌಕದೊಳಗೆ ಜಾಗ ಸಾಲಲಿಲ್ಲ. ಮಾಸ್ತರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ನನ್ನ ಇನ್ನೂರ ಮೂವತ್ತೆಂಟರ ಪಕ್ಕ ದೊಡ್ಡದಾಗಿ ರೈಟ್ ಹಾಕಿದರು. "ಉತ್ತರ ಸರಿ ಐತಿ" ಎಂದರು. ನಲವತ್ಮೂರು ವರ್ಷದ ನಾನು ಆ ಕೆಂಪು ರೈಟನ್ನು ನೋಡಿ ಮತ್ತೆ ಅಳಲು ಶುರು ಮಾಡಿದೆ. ಮರುದಿನವೇ ಡಾಕ್ಟರಿಗೆ ತೋರಿಸುತ್ತೇನೆಂದು ಅವರಿಗೆ ಮಾತು ಕೊಟ್ಟೆ, ತೋರಿಸಿದೆ ಕೂಡ. ಸಂಜೆ ಯಜಮಾನರಿಗೂ ಹೇಳಿದೆ. ಅವರು ತಮ್ಮ ಲೋಟದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಬಂದು ನನ್ನ ಪಕ್ಕ ಕೂತರು.

ಆದರೆ ಮಾಸ್ತರರ ಮನೆಯಿಂದ ಏಳುವ ಮುಂಚೆ ಇನ್ನೊಂದು ಕೆಲಸವಿತ್ತು. ಮಾಸ್ತರು ತಮ್ಮ ಮೀಟರಿಗೆ ಪಟ್ಟಿ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ಬೆರಳು ಚುಚ್ಚಿಕೊಂಡರು. ಇನ್ನೂರ ಐವತ್ತೊಂದು. ಮುದ್ರಿಸಿದಂಥ ಅಕ್ಷರದಲ್ಲಿ ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೆಂಪು ಪೆನ್ನನ್ನೂ ಕೊಟ್ಟರು.

"ಅಕ್ಕೋರೇ, ಈಗ ನೀವು ತಿದ್ರಿ" ಎಂದರು.

ಪೆನ್ನಿನ ಮುಚ್ಚಳ ತೆಗೆದೆ. ಅಪ್ಪನೂ ಮೊದಮೊದಲು ನಿಜವನ್ನೇ ಓದಿದ್ದ. ಇನ್ನೂರ ಹತ್ತು ಎಂದಿದ್ದ, ಇನ್ನೂರ ನಲವತ್ತು ಎಂದಿದ್ದ. ಅವನ ಅಷ್ಟೂ ಸರಿಯುತ್ತರಗಳಲ್ಲಿ ಒಂದಕ್ಕೂ ನಾನು ರೈಟ್ ಹಾಕಿರಲಿಲ್ಲ. ಮಾಸ್ತರರ ಇನ್ನೂರ ಐವತ್ತೊಂದಕ್ಕೆ ಹಾಕಿದೆ.